ವಿಮೆ ಮಾಡಿಸಿದ್ದೇನೋ ಸರಿ, ಹಣ ಯಾರ ಕೈಗೆ?

ನಮ್ಮ ಜನ ವಿಮೆ ಮಾಡಿಸಿದ ಮೇಲೆ ಪಾಲಿಸಿಯನ್ನು ಗೋದ್ರೆಜ್ ಕಪಾಟಿಗೆ ಸೇರಿಸಿ ಮರೆತುಬಿಡುತ್ತಾರೆ. ತಾನು ಸತ್ತರೆ ಹಣ ಹೆಂಡತಿಗೆ ಬಂದೇ ಬರುತ್ತದೆ ಅನ್ನೋ ನಂಬಿಕೆ. ಆ ನಂಬಿಕೆಗೆ ಕಾನೂನಿನ ಬಲ ಸಿಗೋದಕ್ಕೆ ಈ ದೇಶದಲ್ಲಿ ಎಷ್ಟು ವರ್ಷ ಹಿಡಿಯಿತು ನೋಡಿ.

1818ರಲ್ಲಿ ಕಲ್ಕತ್ತೆಯಲ್ಲಿ ಓರಿಯಂಟಲ್ ಕಂಪನಿ ಶುರುವಾದದ್ದು ಇಲ್ಲಿದ್ದ ಬಿಳಿಯರ ಕುಟುಂಬಗಳಿಗಾಗಿ. ಮುಂದೆ ಭಾರತೀಯರಿಗೂ ಪಾಲಿಸಿ ಸಿಕ್ಕಾಗ ಕಂತು ಜಾಸ್ತಿ! ನಮ್ಮ ಜೀವ ಬೇಗ ಹೋಗುತ್ತದೆ ಅಂತ ಅವರ ಲೆಕ್ಕ. ಎಲ್ಲರಿಗೂ ಒಂದೇ ದರ ಅಂದದ್ದು ನಮ್ಮ ಮುಂಬಯಿಯಲ್ಲಿ 1870ರಲ್ಲಿ ಹುಟ್ಟಿದ ಬಾಂಬೆ ಮ್ಯೂಚುವಲ್. ಅತ್ತ ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ವಿಮೆ ಶುರುಮಾಡಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದೇ.

ಸರಿ, ವಿಮೆ ಸಿಕ್ಕಿತು. ಹಣ? ಅವಿಭಕ್ತ ಕುಟುಂಬದಲ್ಲಿ ಗಂಡ ಸತ್ತರೆ ಅಣ್ಣತಮ್ಮಂದಿರಿದ್ದಾರೆ, ಸಾಲ ಕೊಟ್ಟವರಿದ್ದಾರೆ. ವಿಧವೆಗೆ ಊಟ, ಬಟ್ಟೆ. ಗಂಡನ ಪಾಲಿನಲ್ಲಿ ಆಕೆಗೆ ಹಕ್ಕು ಕೊಟ್ಟ ಕಾನೂನು ಬಂದದ್ದೇ 1937ರಲ್ಲಿ. ಅದೂ ಆಕೆ ಬದುಕಿರುವ ತನಕ ಮಾತ್ರ.

ಆದರೆ 1874ರಲ್ಲೇ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಬಂದಿತ್ತು. ಅದರ 6ನೇ ಕಲಂ ಬಹಳ ಜಾಣ ಕಲಂ. ಹೆಂಡತಿ ಮಕ್ಕಳ ಸಲುವಾಗಿ ಅಂತ ಪಾಲಿಸಿಯ ಮೇಲೇ ಬರೆಸಿದರೆ ಅದು ಅವರ ಟ್ರಸ್ಟ್. ಗಂಡನ ಆಸ್ತಿಗೆ ಸೇರೋದಿಲ್ಲ, ಮೋಸ ಮಾಡಲೆಂದೇ ಮಾಡಿಸಿದ್ದಲ್ಲದಿದ್ದರೆ ಸಾಲ ಕೊಟ್ಟವರೂ ಮುಟ್ಟುವಂತಿಲ್ಲ. ಒಂದೇ ತೊಡಕು, ಹಿಂದೂ, ಮುಸ್ಲಿಂ, ಸಿಖ್, ಜೈನ ಹೆಂಗಸರನ್ನು ಕಾಯ್ದೆ ಹೊರಗಿಟ್ಟಿತ್ತು! 1923ರಲ್ಲಿ ತಿದ್ದುಪಡಿಯಾಗಿ, 1 ಏಪ್ರಿಲ್ 1923ರ ನಂತರದ ಪಾಲಿಸಿಗಳಿಗೆ ಈ ಕಲಂ ಅವರಿಗೂ ಅನ್ವಯವಾಯಿತು (ಮದ್ರಾಸಿನಲ್ಲಿ ಮಾತ್ರ 1913ರ ಕೊನೆಯಿಂದಲೇ). ಅಂದರೆ ಸರಿಯಾಗಿ 49 ವರ್ಷ ಕಾಯಬೇಕಾಯಿತು.

1938ರ ವಿಮಾ ಕಾಯ್ದೆಯಲ್ಲಿ ನಾಮಿನಿ ಪದ್ಧತಿ ಬಂತು. 1956ರಲ್ಲಿ ಚಿಂತಾಮಣರಾವ್ ದೇಶಮುಖರು ಅರ್ಥಮಂತ್ರಿಯಾಗಿದ್ದಾಗ 245 ಸಂಸ್ಥೆಗಳನ್ನು ಸರಕಾರ ವಹಿಸಿಕೊಂಡು ಎಲ್.ಐ.ಸಿ. ಆಯಿತು. ಏಜೆಂಟರು ಮನೆಮನೆಗೆ ಬಂದರು, ನಾಮಿನಿ ಅನ್ನೋದು ಕನ್ನಡದ್ದೇ ಶಬ್ದವಾಗಿಹೋಯಿತು. ಹೆಂಡತಿಯ ಹೆಸರು ಬರೆಸಿದರೆ ಮುಗೀತು ಅಂತ ಎಲ್ಲರೂ ತಿಳಿದರು. 1984ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಅಂಥದೇ ಒಂದು ಪ್ರಕರಣ: ನಾಮಿನಿ ಸೊಸೆ, ಪಾಲು ಕೇಳಿದವರು ಅತ್ತೆ. ನಾಮಿನಿ ಹಣ ಇಸಕೊಳ್ಳುವ ಕೈ ಮಾತ್ರ, ಹಣ ವಾರಸುದಾರರೆಲ್ಲರದು ಅಂತ ತೀರ್ಪು ಬಂತು. ಅತ್ತೆಯ ಕಡೆಯಿಂದ ನೋಡಿದರೆ ಅದರಲ್ಲೂ ನ್ಯಾಯವಿದೆಯೆನ್ನಿ, ಸತ್ತವನು ಅವಳ ಮಗನಲ್ಲವೇ.

2015ರ ತಿದ್ದುಪಡಿ ಇದನ್ನು ಬದಲಿಸಿತು. ಈಗ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಸಾಮಾನ್ಯವಾಗಿ ಹಣ ಅವರದೇ. ಆದರೂ ವ್ಯಾಪಾರಕ್ಕೆಂದು, ಹೊಟೇಲಿಗೆಂದು ಸಾಲ ಎತ್ತಿದವರಿಗೆ ಆ ಹಳೇ 6ನೇ ಕಲಮೇ ಗಟ್ಟಿ. ಪಾಲಿಸಿ ತೆಗೆದುಕೊಳ್ಳುವಾಗಲೇ ಅದಕ್ಕೊಂದು ಪ್ರತ್ಯೇಕ ಫಾರಂ ತುಂಬಬೇಕು, ಆಮೇಲೆ ಆಗೋದಿಲ್ಲ. ತುಂಬಿದ ಮೇಲೆ ಆ ಪಾಲಿಸಿ ಒತ್ತೆಯಿಟ್ಟು ತನಗಾಗಿ ಸಾಲ ಎತ್ತುವಂತೆಯೂ ಇಲ್ಲ. ಏಜೆಂಟರು ಈ ಫಾರಂ ವಿಷಯ ತಾವಾಗಿ ಎತ್ತೋದು ಕಡಿಮೆ, ನೀವೇ ಕೇಳಿ.