‘ಅನಾಥ ಮಗು ಇದೆ, ಬೇಕಾದವರು ಕರೆ ಮಾಡಿ’: ಇಂಥ ಫಾರ್ವರ್ಡ್‌ ಹಂಚಬಹುದೇ? ದತ್ತು, ಫಾಸ್ಟರ್ ಕೇರ್ ಬಗ್ಗೆ ತಿಳಿಯಬೇಕಾದ್ದು

ಹಸುಗೂಸಿನ ಒಂದು ಫೋಟೋ. ಕೆಳಗೆ ನಾಲ್ಕು ಸಾಲು: ‘ತಂದೆ ತಾಯಿ ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಮಗುವನ್ನು ನೋಡಿಕೊಳ್ಳುವವರಿಲ್ಲ. ಮಕ್ಕಳಿಲ್ಲದವರು ಈ ನಂಬರಿಗೆ ಕರೆ ಮಾಡಿ. ದಯವಿಟ್ಟು ಎಲ್ಲ ಗ್ರೂಪ್‌ಗಳಿಗೂ ಕಳಿಸಿ, ಒಂದು ಮಗುವಿಗೆ ಬದುಕು ಸಿಗಲಿ.’ ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಒಮ್ಮೆಯಾದರೂ ಬಂದಿರಬಹುದು. ಕಳಿಸುವವರಲ್ಲಿ ಹೆಚ್ಚಿನವರದು ಒಳ್ಳೆಯ ಮನಸ್ಸೇ. ಆದರೂ ಇದನ್ನು ಹಂಚಬೇಡಿ ಎಂದೇ ನಾವು ಹೇಳುತ್ತೇವೆ.

ಇದು ಹೊಸದೇನೂ ಅಲ್ಲ. 2021ರ ಏಪ್ರಿಲ್-ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ, ತಂದೆತಾಯಿಯನ್ನು ಕಳೆದುಕೊಂಡ ಶಿಶುಗಳು ದತ್ತು ಕೊಡಲು ಇವೆ ಎಂಬ ಸಂದೇಶಗಳು ದೇಶದಾದ್ಯಂತ ಹರಿದಾಡಿದ್ದವು. ಇವನ್ನು ನಂಬಬೇಡಿ, ಹಂಚಬೇಡಿ ಎಂದು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಆಗಲೇ ಎಚ್ಚರಿಸಿತ್ತು. ಅದೇ ವರ್ಷ ಜೂನ್‌ನಲ್ಲಿ, ಹೀಗೆ ಅಕ್ರಮವಾಗಿ ದತ್ತು ಕೊಡಿಸುವವರ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು.

ಹಂಚಿದರೆ ತಪ್ಪೇನು?

ಮೊದಲನೆಯದಾಗಿ, ಫೋಟೋ. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74ರ ಪ್ರಕಾರ ರಕ್ಷಣೆ ಮತ್ತು ಪೋಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಸಿಗುವ ಯಾವುದೇ ವಿವರವನ್ನು ಯಾವ ಸಂವಹನ ಮಾಧ್ಯಮದಲ್ಲೂ ಬಹಿರಂಗಪಡಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಗುವಿನ ಹಿತಕ್ಕೆ ಅಗತ್ಯವಿದ್ದರೆ ಅನುಮತಿ ಕೊಡುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಯಂಥ ಸಂಸ್ಥೆಗಿದೆ, ಗ್ರೂಪ್ ಅಡ್ಮಿನ್‌ಗಿಲ್ಲ.

ಎರಡನೆಯದು ಇದಕ್ಕಿಂತ ಗಂಭೀರ. ಆ ನಂಬರಿನ ಆಚೆ ಯಾರಿದ್ದಾರೆ ಎಂಬುದು ನಿಮಗೆ ಗೊತ್ತಿಲ್ಲ. ಮಕ್ಕಳಿಗಾಗಿ ವರ್ಷಗಟ್ಟಲೆ ಕಾದ ದಂಪತಿಯಿಂದ ‘ಆಸ್ಪತ್ರೆ ಖರ್ಚು’, ‘ಕಾಗದಪತ್ರದ ಖರ್ಚು’ ಎಂದು ಹಣ ಕಿತ್ತು ಮಾಯವಾಗುವ ವಂಚಕರಿರಬಹುದು. ನಿಜವಾಗಿ ಮಗುವೇ ಇದ್ದರಂತೂ ಇನ್ನೂ ಕಷ್ಟ: ಅದು ಕದ್ದ ಮಗುವೋ, ಬಡ ತಾಯಿಯಿಂದ ಬೆದರಿಸಿ ಪಡೆದದ್ದೋ ಹೇಗೆ ತಿಳಿಯುವುದು? ಮಗುವನ್ನು ಮಾರುವುದು, ಕೊಳ್ಳುವುದು ಎರಡಕ್ಕೂ ಸೆಕ್ಷನ್ 81ರಡಿ ಐದು ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿ ದಂಡವಿದೆ. ಆಸ್ಪತ್ರೆ, ನರ್ಸಿಂಗ್ ಹೋಮ್‌ನವರೇ ಶಾಮೀಲಾಗಿದ್ದರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೂ ಹೋಗಬಹುದು. ಹಾಗೆ ತಂದ ಮಗುವನ್ನು ನಾಲ್ಕೈದು ವರ್ಷ ಎದೆಗವಚಿಕೊಂಡು ಸಾಕಿದ ಮೇಲೆ ಪೊಲೀಸರು ಬಾಗಿಲು ತಟ್ಟಿದರೆ ಆ ಮನೆಯ ಗತಿಯೇನು, ಆ ಮಗುವಿನ ಗತಿಯೇನು ಎಂದು ಒಮ್ಮೆ ಯೋಚಿಸಿ.

ಹಾಗಾದರೆ ಮಗು ಬರುವುದು ಎಲ್ಲಿಂದ?

ಅನಾಥ ಅಥವಾ ಬಿಟ್ಟುಹೋದ ಮಗು ಸಿಕ್ಕರೆ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಮೊದಲು ಹೆತ್ತವರನ್ನು, ಬಂಧುಗಳನ್ನು ಹುಡುಕಿಸುತ್ತದೆ. ಯಾರೂ ಸಿಗದಿದ್ದರೆ ಎರಡು ವರ್ಷದೊಳಗಿನ ಮಗುವನ್ನು ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡ ಮಗುವನ್ನು ನಾಲ್ಕು ತಿಂಗಳಲ್ಲಿ ‘ದತ್ತು ನೀಡಲು ಕಾನೂನಾತ್ಮಕವಾಗಿ ಮುಕ್ತ’ ಎಂದು ಘೋಷಿಸಬೇಕು. ಸಾಕಲಾಗದ ತಾಯಿ ತಾನಾಗಿ ಮಗುವನ್ನು ಸಮಿತಿಗೆ ಒಪ್ಪಿಸಬಹುದು. ಅವಳಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶ ಉಂಟು. ಫಾರ್ವರ್ಡ್ ಸಂದೇಶದ ‘ಮೂರು ದಿನದ ಮಗು’ವಿಗೆ ಈ ಎರಡು ತಿಂಗಳು ಸಿಗುವುದೇ ಇಲ್ಲ. ಅದರ ತಾಯಿಗೂ ಸಿಗುವುದಿಲ್ಲ.

ದತ್ತು ಬೇಕಾದವರು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ‘ಕಾರಾ’ದ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ಮಾತಾಡಿ ವರದಿ ಕೊಡುತ್ತಾರೆ. ಸರದಿ ಬಂದಾಗ ಮಗುವಿನ ವಿವರ ಪೋರ್ಟಲ್‌ನಲ್ಲಿ ಕಾಣಿಸುತ್ತದೆ, 48 ಗಂಟೆಯೊಳಗೆ ಒಪ್ಪಿಗೆ ತಿಳಿಸಬೇಕು. ಆಮೇಲೆ ಮಗುವನ್ನು ನೋಡಿ ಸ್ವೀಕರಿಸಿದರೆ, ಅದು ಮೊದಲು ಮನೆಗೆ ಬರುವುದು ‘ದತ್ತು-ಪೂರ್ವ ಪೋಷಕತ್ವ’ದಲ್ಲಿ. ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ. ಕಾಯ್ದೆಯ ತಿದ್ದುಪಡಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ದತ್ತು ಆದೇಶ ಹೊರಡಿಸುವ ಅಧಿಕಾರ ಕೋರ್ಟಿನ ಬದಲು ಜಿಲ್ಲಾಧಿಕಾರಿಗೆ ಬಂದಿದೆ. ಆದೇಶವಾದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ವಿಚಾರಿಸಿ ಹೋಗುತ್ತಾರೆ. ಶುಲ್ಕ ಎಷ್ಟೆಂಬುದು ನಿಯಮದಲ್ಲೇ ನಿಗದಿಯಾಗಿದೆ. ಅದರ ಹೊರತು ‘ಮೇಲಿನ ಖರ್ಚು’ ಎಂದು ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕಾಯಬೇಕು ಎಂಬುದು ನಿಜ. 2024-25ರಲ್ಲಿ ದೇಶದಲ್ಲಿ 4,515 ಮಕ್ಕಳ ದತ್ತು ನಡೆಯಿತು, ಅದೇ ದಶಕದ ಅತಿ ಹೆಚ್ಚಿನ ಸಂಖ್ಯೆ. ಸರದಿಯಲ್ಲಿರುವ ಅರ್ಜಿದಾರರಾದರೋ 30 ಸಾವಿರಕ್ಕೂ ಹೆಚ್ಚು. ಆರೋಗ್ಯವಂತ ಶಿಶುವಿಗಾಗಿ ಕಾಯುವವರಿಗೆ ಮೂರು ವರ್ಷ ದಾಟುವುದು ಸಾಮಾನ್ಯ. ಇಷ್ಟು ದೀರ್ಘ ಕಾಯುವಿಕೆಯೇ ವಂಚಕರ ಬಂಡವಾಳ ಎಂಬುದು ನಮ್ಮ ಅಭಿಪ್ರಾಯ. ದೊಡ್ಡ ಮಕ್ಕಳಿಗೆ, ವಿಶೇಷ ಅಗತ್ಯದ ಮಕ್ಕಳಿಗೆ ಮಾತ್ರ ಸರದಿಯೇ ಇಲ್ಲವೆನ್ನುವಷ್ಟು ಕಡಿಮೆ. ಅವರೇ ಕಾಯುತ್ತಿರುತ್ತಾರೆ.

ಫಾಸ್ಟರ್ ಕೇರ್ ಬೇರೆ, ದತ್ತು ಬೇರೆ

ಫಾಸ್ಟರ್ ಕೇರ್‌ಗೆ ಕನ್ನಡದ ಸರ್ಕಾರಿ ಕಡತಗಳಲ್ಲಿ ಪೋಷಕತ್ವ ಎನ್ನುತ್ತಾರೆ. ಹೆತ್ತವರು ಇದ್ದೂ ಸಾಕುವ ಸ್ಥಿತಿಯಲ್ಲಿಲ್ಲದ, ಅಥವಾ ಯಾರೂ ದತ್ತು ಪಡೆಯದೆ ಸಂಸ್ಥೆಯಲ್ಲೇ ಬೆಳೆಯುತ್ತಿರುವ ಮಕ್ಕಳನ್ನು ಒಂದು ಕುಟುಂಬದಲ್ಲಿ ಇರಿಸುವ ವ್ಯವಸ್ಥೆ ಇದು. ಸಾಮಾನ್ಯವಾಗಿ ಆರು ವರ್ಷ ದಾಟಿದ ಮಕ್ಕಳಿಗೆ. ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ, ಕುಟುಂಬವನ್ನು ಪರಿಶೀಲಿಸುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಮಗುವಿನ ಖರ್ಚಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿಗೆ ಅವಕಾಶವಿದೆ.

ದತ್ತು ಆದ ಮಗು ಕಾನೂನಿನ ಕಣ್ಣಿನಲ್ಲಿ ನಿಮ್ಮದೇ ಮಗು. ಆಸ್ತಿಯ ಹಕ್ಕೂ ಸೇರಿ ಎಲ್ಲವೂ ಬರುತ್ತದೆ. ಪೋಷಕತ್ವದಲ್ಲಿ ಹಾಗಿಲ್ಲ. ಹೆತ್ತವರ ಸ್ಥಿತಿ ಸುಧಾರಿಸಿದರೆ ಮಗು ವಾಪಸ್ ಹೋಗಬಹುದು, ಹೋಗಲಿ ಎಂಬುದೇ ಉದ್ದೇಶ. ಇದಕ್ಕೆ ದೊಡ್ಡ ಮನಸ್ಸು ಬೇಕು. ದತ್ತು ಸಿಗುವುದು ತಡ, ಇದಾದರೂ ಬೇಗ ಆಗುತ್ತದಲ್ಲ ಎಂದು ಹೋಗುವವರಿಗೆ ಇದು ಹೊಂದದು.

ಆದರೆ ಪೋಷಕತ್ವದಿಂದ ದತ್ತುವಿಗೆ ಒಂದು ದಾರಿ ಇದೆ. ಮಗು ಕಾನೂನಾತ್ಮಕವಾಗಿ ಮುಕ್ತವಾಗಿದ್ದರೆ, ಸಾಕುತ್ತಿರುವ ಕುಟುಂಬವೇ ಅದನ್ನು ದತ್ತು ಪಡೆಯಬಹುದು. ಮೊದಲು ಇದಕ್ಕೆ ಐದು ವರ್ಷ ಸಾಕಿರಬೇಕಿತ್ತು, ಈಗ ಎರಡು ವರ್ಷ ಸಾಕು. 2024ರ ಮಾದರಿ ಮಾರ್ಗಸೂಚಿ ಅವಿವಾಹಿತರು, ವಿಧವೆಯರು, ವಿಚ್ಛೇದಿತರು ಕೂಡ ಪೋಷಕರಾಗಲು ಅವಕಾಶ ಕೊಟ್ಟಿದೆ. ಒಂಟಿ ಪುರುಷರಿಗೆ ಮಾತ್ರ ಗಂಡು ಮಗುವನ್ನಷ್ಟೇ ಒಪ್ಪಿಸಲಾಗುತ್ತದೆ.

‘ನಮ್ಮ ಅಕ್ಕನ ಮಗುವನ್ನೇ ತಗೊಂಡಿದ್ದೇವಲ್ಲ?’

ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಇನ್ನೂ ಚಾಲ್ತಿಯಲ್ಲಿದೆ. ಹೆತ್ತವರೇ ಕೊಡಬೇಕು, ಮಗು 15 ವರ್ಷದೊಳಗಿರಬೇಕು, ಗಂಡು ಮಗು ಇರುವವರು ಗಂಡನ್ನೂ ಹೆಣ್ಣು ಇರುವವರು ಹೆಣ್ಣನ್ನೂ ಪಡೆಯುವಂತಿಲ್ಲ ಎಂಬ ಷರತ್ತುಗಳಿವೆ. ದತ್ತು ಪತ್ರ ನೋಂದಾಯಿಸಿಕೊಂಡರೆ ಮುಂದೆ ತಕರಾರು ಕಡಿಮೆ. ಮಧ್ಯವರ್ತಿ ತಂದುಕೊಟ್ಟ ಅನಾಥ ಮಗುವಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಮಾಡಿಸಿದರೆ ಅದು ಸಕ್ರಮವಾಗುವುದಿಲ್ಲ. ಅನಾಥ, ಪರಿತ್ಯಕ್ತ ಅಥವಾ ಸಮಿತಿಗೆ ಒಪ್ಪಿಸಿದ ಮಗುವನ್ನು ನಿಯಮ ಮೀರಿ ದತ್ತು ಪಡೆದರೆ ಸೆಕ್ಷನ್ 80ರಡಿ ಮೂರು ವರ್ಷದವರೆಗೆ ಜೈಲಿದೆ. ಮುಸ್ಲಿಮರು, ಕ್ರೈಸ್ತರು ದತ್ತು ಪಡೆಯುವಂತಿಲ್ಲ ಎಂಬ ಮಾತೂ ತಪ್ಪು: ಬಾಲನ್ಯಾಯ ಕಾಯ್ದೆಯ ದಾರಿ ಎಲ್ಲ ಧರ್ಮದವರಿಗೂ ತೆರೆದಿದೆ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನೊಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: ‘ದತ್ತು ತಗೊಳ್ಳಿ, ಆಮೇಲೆ ಸ್ವಂತದ್ದೇ ಆಗುತ್ತೆ.’ ಇದಕ್ಕೆ ವೈದ್ಯಕೀಯ ಆಧಾರವಿಲ್ಲ. ಬಂದ ಮಗು ಇನ್ನೊಂದು ಮಗುವಿಗೆ ಹರಕೆಯಲ್ಲ.

ಸಂದೇಶ ಬಂದಾಗ ಏನು ಮಾಡಬೇಕು? ಮುಂದಕ್ಕೆ ಕಳಿಸಬೇಡಿ, ಆ ನಂಬರಿಗೆ ಕರೆಯನ್ನೂ ಮಾಡಬೇಡಿ. ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಂಡು 1098 ಮಕ್ಕಳ ಸಹಾಯವಾಣಿಗೆ ತಿಳಿಸಿ. ಕರೆ ಉಚಿತ. ನಿಮ್ಮೂರಿನಲ್ಲೇ ದಿಕ್ಕಿಲ್ಲದ ಮಗು ಕಣ್ಣಿಗೆ ಬಿದ್ದರೆ 24 ಗಂಟೆಯೊಳಗೆ 1098ಕ್ಕೆ, ಪೊಲೀಸ್ ಠಾಣೆಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ‘ಎರಡು ದಿನ ನಮ್ಮನೆಯಲ್ಲೇ ಇರಲಿ, ಆಮೇಲೆ ನೋಡೋಣ’ ಎನ್ನಲು ಅವಕಾಶವಿಲ್ಲ.