ಮಾಟುಂಗಾದಲ್ಲೊಂದು ಬ್ಲಾಕು

ಮುಂಬಯಿಯ ನಮ್ಮ ಕನ್ನಡದ ಹೆಂಗಸರ ಬಾಯಲ್ಲಿ ಫ್ಲ್ಯಾಟ್ ಎಂಬ ಮಾತು ರೂಢಿಯಾದದ್ದು ಈಚೆಗೆ. ನನ್ನ ಅತ್ತೆಯವರ ಕಾಲದಲ್ಲಿ ಅದು ಬ್ಲಾಕು. “ಅವರಿಗೇನಮ್ಮ, ಮಾಟುಂಗಾದಲ್ಲಿ ಬ್ಲಾಕಿದೆ” ಎಂದರೆ ಆ ಮನೆಗೆ ಕಣ್ಣುಮುಚ್ಚಿ ಹೆಣ್ಣು ಕೊಡಬಹುದು ಎಂದರ್ಥ. ಮುಂಬಾಗಿಲು ಹಾಕಿಕೊಂಡರೆ ಒಳಗೇ ಅಡುಗೆಮನೆ, ಒಳಗೇ ಬಚ್ಚಲು, ಒಳಗೇ ಕಕ್ಕಸು. ಇದರಲ್ಲೇನು ವಿಶೇಷ ಎಂದು ಕೇಳುವವರು ಚಾಳಿನಲ್ಲಿ ಬಾಳಿದವರಲ್ಲ.

ಅತ್ತೆಯವರು ಕುಮಟೆಯಿಂದ ಮದುವೆಯಾಗಿ ಬಂದದ್ದು ಗಿರಗಾಂವಿನ ಚಾಳಿಗೆ. ಒಂದೇ ಕೋಣೆ, ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆಯ ಮೋರಿ, ಹೊರಗೆ ಉದ್ದನೆಯ ಪಡಸಾಲೆ, ಅದರ ಕೊನೆಯಲ್ಲಿ ಇಡೀ ಮಾಳಿಗೆಗೆ ಸೇರಿದ ಸಂಡಾಸುಗಳು. ನಸುಕಿನ ನಾಲ್ಕಕ್ಕೆ ಎದ್ದು ಡಬ್ಬಿ ಹಿಡಿದು ಸಾಲು ನಿಲ್ಲಬೇಕು. ತಡವಾದರೆ ಗಂಡಸರ ಸಾಲು. ಬಸುರಿ ಹೆಂಗಸರ ಪಾಡಂತೂ ಹೇಳತೀರದು. ಚಾಳಿನ ಅನ್ಯೋನ್ಯತೆಯ ಬಗ್ಗೆ ನಾಟಕಗಳು ಬಂದಿವೆ, ಕಥೆಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವನ್ನು ಬರೆದವರು ಗಂಡಸರು ಎಂಬುದನ್ನು ಮರೆಯಬಾರದು.

ಮಾಟುಂಗಾ ಹುಟ್ಟಿದ್ದೇ ಒಂದು ಮಾರಿಯಿಂದ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಮೊದಲು ಕಾಣಿಸಿಕೊಂಡದ್ದು ಮಾಂಡವಿಯ ಇಕ್ಕಟ್ಟಾದ ಕೇರಿಗಳಲ್ಲಿ. ಜನ ಊರು ಬಿಟ್ಟು ಓಡಿದರು, ಗಿರಣಿಗಳು ಬರಿದಾದವು. ಆಗ ಸರಕಾರ ಎಚ್ಚೆತ್ತು 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಹಳೆಯ ಕೇರಿಗಳನ್ನು ಕೆಡವಿ ಗಾಳಿ ಆಡುವಂತೆ ಅಗಲ ರಸ್ತೆ ಮಾಡುವುದು, ಉತ್ತರದ ಗದ್ದೆ, ತೋಟ, ಜವುಗು ನೆಲವನ್ನು ಕೊಂಡು ಹೊಸ ಬಡಾವಣೆ ಹಾಕುವುದು ಅದರ ಕೆಲಸ. ದಾದರ್, ಮಾಟುಂಗಾ, ಸಯನ್ ಬಡಾವಣೆಗಳು ಹೀಗೆ ಬಂದವು. ಕಿಂಗ್ಸ್ ಸರ್ಕಲ್ಲಿನ ದುಂಡನೆಯ ತೋಟ, ಫೈವ್ ಗಾರ್ಡನ್ಸಿನ ಮರಗಳ ನೆರಳು ಎಲ್ಲ ಆ ನಕ್ಷೆಯವೇ.

ನಕ್ಷೆ ಮಾಡಿದಷ್ಟು ಬೇಗ ಮನೆಗಳು ಏಳಲಿಲ್ಲ. ಕಟ್ಟಡಗಳ ಸಾಲು ನಿಂತದ್ದು ಇಪ್ಪತ್ತರ ದಶಕದ ಕೊನೆಯಿಂದ ಮುಂದೆ, ಸಿಮೆಂಟು ಕಾಂಕ್ರೀಟು ಕೈಗೆ ಬಂದ ಮೇಲೆ. ಮೂರೋ ನಾಲ್ಕೋ ಮಾಳಿಗೆ, ದುಂಡು ಮೂಲೆಯ ಬಾಲ್ಕನಿ, ಮೆಟ್ಟಿಲ ಬಳಿ ಬಣ್ಣದ ಗಾಜು. ಬಾಡಿಗೆಗೆ ಬಂದವರಲ್ಲಿ ಹೆಚ್ಚಿನವರು ರೈಲ್ವೆ, ಬ್ಯಾಂಕು, ಸರಕಾರಿ ಕಚೇರಿಗಳ ಗುಮಾಸ್ತರು. ತಮಿಳರು, ಮಲಯಾಳಿಗಳು, ನಮ್ಮವರು. ಮೈಸೂರಿನವರು 1926ರಲ್ಲಿ ಮೈಸೂರು ಅಸೋಸಿಯೇಶನ್ ಕಟ್ಟಿದರು. ಉಡುಪಿಯ ಕಡೆಯ ರಾಮ ನಾಯಕರು 1942ರಲ್ಲಿ ಸ್ಟೇಶನ್ನಿನ ಬಳಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಬಾಳೆಎಲೆಯ ಊಟಕ್ಕೆ ಇಂದಿಗೂ ಅದು ಹೆಸರುವಾಸಿ. ದಾದರ್ ಕಡೆಗೆ ಪಾರ್ಸಿಗಳ ಕಾಲನಿ, ಅದಕ್ಕಂಟಿ ಹಿಂದೂ ಕಾಲನಿ, ಸರ್ಕಲ್ಲಿನಲ್ಲಿ ಇರಾನಿ ಚಹದಂಗಡಿ, ಡಾನ್ ಬಾಸ್ಕೋದ ಇಗರ್ಜಿ, ಹೂವಿನ ಸಾಲು, ಕಚ್ಛಿಗಳ ಕಿರಾಣಿ. ಸ್ವಲ್ಪ ದೂರ ನಡೆದರೆ ಧಾರಾವಿ. ಅದನ್ನು ಮಾತ್ರ ಮಾಟುಂಗಾದ ವರ್ಣನೆಯಲ್ಲಿ ಯಾರೂ ಸೇರಿಸುವುದಿಲ್ಲ. ಮನೆಗೆಲಸಕ್ಕೆ ಬರುವವರು ಎಲ್ಲಿಂದ ಬರುತ್ತಾರೋ!

ಈ ಬ್ಲಾಕುಗಳೊಳಗೆ ನಡೆದ ದೊಡ್ಡ ಕ್ರಾಂತಿ ಕಕ್ಕಸಿನದು. ಊರಿನಲ್ಲಿ ಹಿತ್ತಲಾಚೆ ಇದ್ದದ್ದನ್ನು, ಚಾಳಿನಲ್ಲಿ ಪಡಸಾಲೆಯ ಕೊನೆಯಲ್ಲಿದ್ದದ್ದನ್ನು, ದೇವರ ಮಂಟಪವೂ ಒಲೆಯೂ ಇರುವ ಸೂರಿನಡಿಗೇ ತರುವುದೆಂದರೆ ಮಡಿಯ ಮನೆಗಳಿಗೆ ಸಣ್ಣ ಮಾತಲ್ಲ. ಅದಕ್ಕೇ ಆಗಿನ ನಕ್ಷೆಗಳಲ್ಲಿ ಅದನ್ನು ಹಿಂದಕ್ಕೆ ತಳ್ಳಿ ಅಡುಗೆಮನೆಗೆ ಸೋಕದಂತೆ ಇಡುತ್ತಿದ್ದರು. ಹಳೆಯ ಕೆಲವು ಕಟ್ಟಡಗಳ ಬೆನ್ನಿಗೆ ಕಬ್ಬಿಣದ ಸುರುಳಿ ಮೆಟ್ಟಿಲು ಇರುತ್ತಿದ್ದದ್ದನ್ನು ನೋಡಿರಬಹುದು. ಚೆಂದಕ್ಕೆ ಮಾಡಿದ್ದಲ್ಲ. ಕಕ್ಕಸು ತೊಳೆಯಲು ಬರುವವರು ಮನೆಯೊಳಗೆ ಕಾಲಿಡದೆ ಹಿಂದಿನಿಂದಲೇ ಹತ್ತಿ ಹಿಂದಿನಿಂದಲೇ ಇಳಿಯಲಿ ಎಂದು. ನಮಗೆ ನಸುಕಿನ ಸಾಲು ತಪ್ಪಿತು, ಸರಿ. ಆ ಸುರುಳಿ ಮೆಟ್ಟಿಲನ್ನು ಹತ್ತಿದವಳೂ ಹೆಂಗಸೇ.

ಇನ್ನು ಒಡೆತನದ ಕಥೆ. ಈಗಿನಂತೆ ಮನೆ ‘ಕೊಳ್ಳುವುದು’ ಆಗ ಇರಲಿಲ್ಲ; ಇಡೀ ಕಟ್ಟಡ ಒಬ್ಬ ಸಾಹುಕಾರನದು, ಉಳಿದವರು ಬಾಡಿಗೆಯವರು. ಮಧ್ಯಮವರ್ಗದವರು ಸೇರಿ ಸ್ವಂತ ಮನೆ ಮಾಡಿಕೊಳ್ಳಬಹುದು ಎಂದು ಮುಂಬಯಿಗೆ ತೋರಿಸಿಕೊಟ್ಟವರಲ್ಲಿ ನಮ್ಮ ಕರಾವಳಿಯ ಮೂಲದವರೇ ಮುಂದು. ಉತ್ತರ ಕನ್ನಡದ ಶಿರಾಲಿಯ ಮಠಕ್ಕೆ ನಡೆದುಕೊಳ್ಳುವ ಸಾರಸ್ವತರು, ರಾವ್ ಬಹಾದ್ದೂರ್ ತಲ್ಮಕಿಯವರ ಮುಂದಾಳುತನದಲ್ಲಿ, 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ಗೃಹಸಂಘ ಕಟ್ಟಿದರು. ನೆಲವೂ ಕಟ್ಟಡವೂ ಸಂಘದ್ದು. ಸದಸ್ಯರ ಕೈಯಲ್ಲಿ ಷೇರು, ಮನೆಯಲ್ಲಿ ವಾಸದ ಹಕ್ಕು. ಮುಂಬಯಿಯ ಸೊಸೈಟಿಗಳೆಲ್ಲ ಬಹುಮಟ್ಟಿಗೆ ಇದೇ ಜಾಡಿನವು. ಕೋಟಿಗಟ್ಟಲೆ ಸುರಿದು ಮನೆ ಕೊಂಡವರ ಕೈಗೆ ಸೊಸೈಟಿ ಕೊಡುವುದು ಸಾಮಾನ್ಯವಾಗಿ 50 ರೂಪಾಯಿ ಮುಖಬೆಲೆಯ ಕೆಲವು ಷೇರುಗಳ ಒಂದು ಹಾಳೆ!

ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿ, ಬಾಡಿಗೆ ನಿಯಂತ್ರಣದ ಕಾನೂನು ಬಂತು. 1940ರ ಸೆಪ್ಟೆಂಬರಿನಲ್ಲಿದ್ದ ಬಾಡಿಗೆಯೇ ಅಳತೆಗೋಲಾಯಿತು. ಬಾಡಿಗೆಯವರು ಉಳಿದರು, ಆದರೆ ಬಾಡಿಗೆಗಾಗಿ ಕಟ್ಟುವವರು ಕಡಿಮೆಯಾದರು. ಖಾಲಿಯಾದ ಬ್ಲಾಕಿಗೆ ಪಗಡಿ ಎಂಬ ಗುಟ್ಟಿನ ಮೊತ್ತ ಕೊಡಬೇಕಾಯಿತು. ಕಾನೂನಿನ ಪ್ರಕಾರ ಅದು ಅಪರಾಧ. ಎಲ್ಲರೂ ಕೊಟ್ಟರು, ಎಲ್ಲರೂ ತೆಗೆದುಕೊಂಡರು. 1999ರ ಹೊಸ ಕಾನೂನು ಬಂದ ಮೇಲಷ್ಟೇ ಅದಕ್ಕೆ ಮಾನ್ಯತೆ ಸಿಕ್ಕಿದ್ದು. ನಮ್ಮ ಮನೆಯವರೂ 1958ರಲ್ಲಿ ಹಾಗೆಯೇ ಮಾಟುಂಗಾದ ಬ್ಲಾಕಿಗೆ ಬಂದರು. ಪಗಡಿಗೆ ಹೋದದ್ದು ಅತ್ತೆಯವರ ನಾಲ್ಕು ಬಳೆ ಮತ್ತು ತವರಿನ ಪಟ್ಲಿ ಜೋಡಿ. ಬಾಡಿಗೆ ಚೀಟಿ ಮಾವನವರ ಹೆಸರಿಗೆ. ಅವರು ತೀರಿಕೊಂಡ ಮೇಲೆ ಹಿರಿಯ ಮಗನ ಹೆಸರಿಗೆ. ಮನೆಯ ಯಾವ ಕಾಗದದಲ್ಲಿಯೂ ಅತ್ತೆಯವರಿಲ್ಲ. “ನನ್ನ ಬಳೆಯ ಮೇಲೆ ಎಲ್ಲರೂ ನಡೆದಾಡ್ತಾರೆ” ಎಂದು ನೆಲ ಒರೆಸುತ್ತ ನಗುತ್ತಿದ್ದರು.

1963ರ ಫ್ಲ್ಯಾಟುಗಳ ಕಾನೂನು ಬಂದದ್ದು ಕಟ್ಟುವವರು ಕೊಳ್ಳುವವರನ್ನು ಸುಲಿಯುತ್ತಿದ್ದರೆಂದು. ಆದರೂ ಸುಲಿಗೆ ನಿಲ್ಲಲಿಲ್ಲ, ಬೇರೆ ವೇಷ ಹಾಕಿತು. ಸಾವಿರ ಚದರಡಿ ಎಂದು ಹಣ ಕಟ್ಟಿದರೆ ಮೆಟ್ಟಿಲು, ಲಿಫ್ಟು, ಗೋಡೆ ಎಲ್ಲ ಕಳೆದು ಕಾಲಿಗೆ ಸಿಗುತ್ತಿದ್ದದ್ದು ಏಳುನೂರು. 2016ರ ರೇರಾ ಕಾನೂನಿನಿಂದ ಕಾರ್ಪೆಟ್ ಏರಿಯಾ, ಅಂದರೆ ಗೋಡೆಯೊಳಗೆ ನಾವು ನಿಜವಾಗಿ ಬಳಸುವ ನೆಲ, ಎಷ್ಟೆಂದು ಹೇಳಲೇಬೇಕಾಯಿತು. ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ 70ನ್ನು ಆ ಕಟ್ಟಡಕ್ಕೆಂದೇ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇಡಬೇಕೆಂದೂ ಆಯಿತು.

ನನ್ನ ಅಕ್ಕನ ಮಗಳು 2022ರಲ್ಲಿ ಮಾಟುಂಗಾದಲ್ಲೇ ಮನೆ ಹುಡುಕತೊಡಗಿದಳು. ಹಳೆಯ ಕಟ್ಟಡಗಳನ್ನು ಕೆಡವಿ ಎದ್ದ ಗೋಪುರಗಳಲ್ಲೊಂದು ಒಪ್ಪಿಗೆಯಾಯಿತು. ಮಾತುಕತೆ ಮುಗಿಯುವ ಹೊತ್ತಿಗೆ ಸೊಸೈಟಿಯ ಕಮಿಟಿಯವರೊಬ್ಬರು ಬಲು ಮರ್ಯಾದೆಯಿಂದ, “ನಿಮ್ಮಲ್ಲಿ ಮೀನು ನಡೆಯುತ್ತದೆಯೇ?” ಎಂದರು. ಕರಾವಳಿಯವರನ್ನು ಕೇಳುವ ಪ್ರಶ್ನೆಯೇ ಇದು! ಇವಳು ನಡೆಯುತ್ತದೆ ಎಂದಳು. ಇಲ್ಲ ಎಂದು ಯಾರೂ ಹೇಳಲಿಲ್ಲ. ಮನೆ ಬೇರೆಯವರಿಗೆ ಹೋಯಿತು ಎಂಬ ಫೋನು ಬಂತು. ಎರಡು ತಿಂಗಳಾದರೂ ಅದಕ್ಕೆ ಬೀಗವೇ ಇತ್ತು. “ಚಿಕ್ಕಮ್ಮ, ನನಗೇ ಹೀಗಾದರೆ ನನ್ನ ಜೊತೆ ಕೆಲಸ ಮಾಡುವ ಶಬಾನಾಳಿಗೆ ಏನು ಹೇಳ್ತಾರೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಬೇಲಿಗೆ ಕಾನೂನಿನ ಬೇರೂ ಇದೆ. ಅಹಮದಾಬಾದಿನ ಪಾರ್ಸಿ ಸೊಸೈಟಿಯೊಂದರ ಮೊಕದ್ದಮೆಯಲ್ಲಿ, ಸಹಕಾರಿ ಸಂಘವು ತನ್ನ ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸಬಹುದು ಎಂದು ಸುಪ್ರೀಂ ಕೋರ್ಟು 2005ರಲ್ಲಿ ತೀರ್ಪಿತ್ತಿತು. ತಲ್ಮಕಿಯವರ ಸಂಘವೂ ಸ್ವಜನರಿಗಾಗಿಯೇ ಹುಟ್ಟಿದ್ದು ನಿಜ. ಆದರೆ ಪರವೂರಿಗೆ ಬಂದ ಗುಮಾಸ್ತರು ಒಟ್ಟಾಗಿ ತಲೆಯ ಮೇಲೊಂದು ಸೂರು ಮಾಡಿಕೊಂಡದ್ದಕ್ಕೂ, ಸೂರುಳ್ಳವರು ಇನ್ನೊಬ್ಬರ ಬಾಣಲೆಯಲ್ಲಿ ಏನಿದೆ ಎಂದು ಇಣುಕುವುದಕ್ಕೂ ವ್ಯತ್ಯಾಸವಿದೆ ಎಂದು ನನ್ನ ಅಭಿಪ್ರಾಯ. ಕೋರ್ಟಿಗೆ ಅದು ಕಾಣಬೇಕೆಂದೇನೂ ಇಲ್ಲ.

ಕೊನೆಗೆ ಮನೆ ಸಿಕ್ಕಿತು, ಸಯನ್ ಕಡೆಯ ಒಂದು ಹಳೆಯ ಕಟ್ಟಡದಲ್ಲಿ, ಮೂರನೆಯ ಮಾಳಿಗೆ. ಮನೆ ಹೆಂಗಸರ ಹೆಸರಿಗೇ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ನೂರಕ್ಕೆ 1ರ ರಿಯಾಯಿತಿಯನ್ನು ಮಹಾರಾಷ್ಟ್ರ ಸರಕಾರ 2021ರಲ್ಲಿ ಕೊಟ್ಟಿತ್ತು. ಜೊತೆಗೆ ಗಂಡನ ಹೆಸರು ಸೇರಿದರೆ ರಿಯಾಯಿತಿ ಇಲ್ಲ. ಅಳಿಯ ಲೆಕ್ಕ ಹಾಕಿ, “ನಿನ್ನ ಹೆಸರೇ ಇರಲಿ” ಎಂದ. ಲೆಕ್ಕದಿಂದಾದರೂ ಆಗಲಿ! ರಿಜಿಸ್ಟ್ರಿಯ ದಿನ ನಾನೂ ಜೊತೆಗಿದ್ದೆ. ಕಂಪ್ಯೂಟರಿನ ಮುಂದೆ ಹೆಬ್ಬೆಟ್ಟೊತ್ತುವಾಗ ಅವಳ ಕೈಬಳೆ ಮೇಜಿಗೆ ತಾಗಿ ಸದ್ದಾಯಿತು.

ಅವಳ ಎದುರುಮನೆಯಲ್ಲಿ ಪಾಲ್ಘಾಟಿನವರು, ಕೆಳಗೆ ಗೋವಾದ ಕ್ರೈಸ್ತರು, ಪಕ್ಕದಲ್ಲಿ ಕಚ್ಛಿ ಅಜ್ಜಿ ಒಬ್ಬರು. ಬಂಗುಡೆ ಹುರಿದ ದಿನ ಅಜ್ಜಿ ತಮ್ಮ ಬಾಗಿಲು ಹಾಕಿಕೊಳ್ಳುತ್ತಾರೆ. ಸಂಜೆ ತೆರೆಯುತ್ತಾರೆ, ಮೊಮ್ಮಗನ ಲೆಕ್ಕ ಹೇಳಿಸಿಕೊಳ್ಳಲು ಇವಳಲ್ಲಿಗೆ ಕಳಿಸುತ್ತಾರೆ.