ಸೊಲ್ಲಾಪುರ–ಅಕ್ಕಲಕೋಟೆಗೆ ಇಂಧನ: ಬೇಡಿಕೆಯ ಲೆಕ್ಕ, ಹಂಚಿಕೆಯ ದಾರಿ

ಸೊಲ್ಲಾಪುರ: ಕೊಂಕಣದಲ್ಲಿ ಹೊಸ ತೈಲ ಶುದ್ಧೀಕರಣಾಗಾರದ ಮಾತು ಬಂದಾಗಲೆಲ್ಲ ಡೀಸೆಲ್ ಅಗ್ಗವಾದೀತೇ, ಕಬ್ಬಿನ ಹಂಗಾಮಿನಲ್ಲಿ ತಪ್ಪದೆ ಸಿಕ್ಕೀತೇ ಎಂಬ ಪ್ರಶ್ನೆ ಗಡಿಭಾಗದ ರೈತರಲ್ಲಿ ಏಳುತ್ತದೆ. ಉತ್ತರ ಬೇಕಾದರೆ ಇಂಧನ ಬರುವ ದಾರಿಯನ್ನೂ ಬೇಡಿಕೆಯ ಲೆಕ್ಕವನ್ನೂ ತಿಳಿಯಬೇಕು.

ಈಗಿನ ದಾರಿ

ಮುಂಬೈಯ ಮಾಹುಲ್‌ನಲ್ಲಿ ಹಿಂದುಸ್ತಾನ್ ಪೆಟ್ರೋಲಿಯಂ ಮತ್ತು ಭಾರತ್ ಪೆಟ್ರೋಲಿಯಂ ಕಂಪನಿಗಳ ಶುದ್ಧೀಕರಣಾಗಾರಗಳಿವೆ. ಹಿಂದುಸ್ತಾನ್ ಪೆಟ್ರೋಲಿಯಂನ ಮುಂಬೈ–ಪುಣೆ–ಸೊಲ್ಲಾಪುರ ಕೊಳವೆಮಾರ್ಗ ಸುಮಾರು 500 ಕಿ.ಮೀ. ಉದ್ದವಿದ್ದು, ಪುಣೆ ಬಳಿಯ ಲೋಣಿ ಮೂಲಕ ಸೊಲ್ಲಾಪುರದ ಪಾಕಣಿಗೆ ಬರುತ್ತದೆ. ಒಂದೇ ಕೊಳವೆಯಲ್ಲಿ ಪೆಟ್ರೋಲ್, ಡೀಸೆಲ್ ಸರದಿಯಂತೆ ಹರಿಯುತ್ತವೆ. ಪಾಕಣಿ ಡಿಪೋದಿಂದ ಮುಂದೆ ಟ್ಯಾಂಕರ್ ಲಾರಿಗಳೇ ಗತಿ. ಸಕ್ಕರೆ ಕಾರ್ಖಾನೆಗಳ ಎಥೆನಾಲ್ ನೀರನ್ನು ಬೇಗ ಹೀರುವುದರಿಂದ ಕೊಳವೆಯಲ್ಲಿ ಕಳಿಸುವುದಿಲ್ಲ. ಟ್ಯಾಂಕರಿನಲ್ಲಿ ಡಿಪೋಕ್ಕೆ ತಂದು ಅಲ್ಲಿಯೇ ಪೆಟ್ರೋಲಿಗೆ ಬೆರೆಸುತ್ತಾರೆ.

ಬೇಡಿಕೆ ಅಳೆಯುವ ಬಗೆ

ಹಿಂದಿನ ವರ್ಷಗಳ ಅದೇ ತಿಂಗಳ ಮಾರಾಟವೇ ಮೊದಲ ಆಧಾರ. ಅದಕ್ಕೆ ಹೊಸ ವಾಹನಗಳು, ರಸ್ತೆ ಕಾಮಗಾರಿ, ಮಳೆ, ಬೆಳೆಗಳ ಲೆಕ್ಕ ಸೇರಿಸುತ್ತಾರೆ. ಸೊಲ್ಲಾಪುರ ಜಿಲ್ಲೆಯಲ್ಲಿ ಕಬ್ಬು ನುರಿಸುವ ತಿಂಗಳುಗಳಲ್ಲಿ ಟ್ರ್ಯಾಕ್ಟರ್, ಲಾರಿಗಳ ಡೀಸೆಲ್ ಖರ್ಚು ಏರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ. ಪಂಢರಪುರದ ಆಷಾಢ ಯಾತ್ರೆ, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ವಾಹನಗಳೂ ಗಣನೆಗೆ ಬರುತ್ತವೆ.

ಪಂಪಿನ ಮಟ್ಟದಲ್ಲಿ ಲೆಕ್ಕ ಸರಳ. ಉದಾಹರಣೆಗೆ, ದಿನಕ್ಕೆ 4,000 ಲೀಟರ್ ಮಾರುವ ಪಂಪಿಗೆ ಟ್ಯಾಂಕರ್ ಬರಲು 2 ದಿನ ಬೇಕಾದರೆ, 8,000 ಲೀಟರ್ ಉಳಿದಿರುವಾಗಲೇ ಬೇಡಿಕೆ ಸಲ್ಲಿಸಬೇಕು. ಹಂಗಾಮಿನಲ್ಲಿ ಮಾರಾಟ 6,000ಕ್ಕೆ ಏರಿದರೆ ಆ ಮಿತಿ 12,000 ಆಗುತ್ತದೆ. ಟ್ಯಾಂಕಿನ ತಳದಲ್ಲಿ ಪಂಪ್ ಎತ್ತಲಾಗದ ಎಣ್ಣೆಯನ್ನು ಇದರಲ್ಲಿ ಹಿಡಿಯುವಂತಿಲ್ಲ.

ಗಡಿಯ ತೊಡಕು

ಮಾರಾಟದ ಲೆಕ್ಕ ಪಂಪ್ ಇರುವ ರಾಜ್ಯಕ್ಕೆ ಸೇರುತ್ತದೆ, ಬಳಸಿದ ಹೊಲಕ್ಕಲ್ಲ. 2021ರ ನವೆಂಬರಿನಲ್ಲಿ ಕೇಂದ್ರ ಅಬಕಾರಿ ಸುಂಕ ಇಳಿಸಿದಾಗ ಕರ್ನಾಟಕವೂ ತನ್ನ ತೆರಿಗೆಯನ್ನು ಲೀಟರಿಗೆ 7 ರೂ. ಇಳಿಸಿತು. ಮಹಾರಾಷ್ಟ್ರ ಆಗ ಅಷ್ಟು ಇಳಿಸಲಿಲ್ಲ; 2022ರ ಜುಲೈಯಲ್ಲಿ ಪೆಟ್ರೋಲಿಗೆ 5, ಡೀಸೆಲಿಗೆ 3 ರೂ. ಕಡಿಮೆ ಮಾಡಿತು. 2024ರ ಜೂನಿನಲ್ಲಿ ಕರ್ನಾಟಕ ತೆರಿಗೆ ಏರಿಸಿತು. ಹೀಗೆ ಅಂತರ ಬದಲಾದಂತೆ ಇಂಡಿ, ಆಳಂದ ಕಡೆಯ ಪಂಪುಗಳಿಗೆ ಹೋಗುವವರ ಸಂಖ್ಯೆಯೂ ಬದಲಾಗುತ್ತದೆ. ಆದ್ದರಿಂದ ಅಕ್ಕಲಕೋಟೆಯಲ್ಲಿ ಮಾರಾಟ ಕುಸಿದರೆ ಬಳಕೆಯೂ ಕುಸಿಯಿತೆಂದು ತಿಳಿಯಲಾಗದು. ಅಂತರ ಕಡಿಮೆಯಾದಾಗ ಗಿರಾಕಿಗಳು ಮರಳುತ್ತಾರೆ, ಹಳೆಯ ಅಂಕಿ ನಂಬಿದ ಪಂಪ್ ಬರಿದಾಗುತ್ತದೆ.

ಹೊಸ ಶುದ್ಧೀಕರಣಾಗಾರ ಬಂದರೆ?

ಇಂಡಿಯನ್ ಆಯಿಲ್, ಭಾರತ್ ಮತ್ತು ಹಿಂದುಸ್ತಾನ್ ಪೆಟ್ರೋಲಿಯಂ 2017ರಲ್ಲಿ ರತ್ನಾಗಿರಿ ಯೋಜನೆಗಾಗಿ ಜಂಟಿ ಕಂಪನಿ ಸ್ಥಾಪಿಸಿದವು. ವರ್ಷಕ್ಕೆ 6 ಕೋಟಿ ಟನ್ ಸಾಮರ್ಥ್ಯದ ಗುರಿಯಿತ್ತು. ನಾಣಾರದಲ್ಲಿ ಜನವಿರೋಧದಿಂದ 2019ರಲ್ಲಿ ಭೂಸ್ವಾಧೀನ ರದ್ದಾಯಿತು. ಬಳಿಕ ಗೊತ್ತು ಮಾಡಿದ ಬಾರಸೂನಲ್ಲೂ 2023ರ ಏಪ್ರಿಲ್‌ನಲ್ಲಿ ಮಣ್ಣು ಪರೀಕ್ಷೆಗೆ ತೀವ್ರ ವಿರೋಧ ಎದುರಾಯಿತು.

ಅದು ನಿರ್ಮಾಣವಾದರೂ ಅಕ್ಕಲಕೋಟೆಗೆ ನೇರ ಲಾಭ ಸಿಗುವುದು ಪಾಕಣಿಗೆ ಕೊಳವೆ ಜೋಡಣೆಯಾದಾಗ ಮತ್ತು ಡಿಪೋದ ಸಂಗ್ರಹ ಹೆಚ್ಚಿದಾಗ ಮಾತ್ರ. ಪಂಪಿನ ದರದಲ್ಲಿ ಕಚ್ಚಾತೈಲದ ಬೆಲೆ ಮತ್ತು ತೆರಿಗೆಗಳದೇ ದೊಡ್ಡ ಪಾಲು. ಸಾಗಣೆ ವೆಚ್ಚದ ಪಾಲು ಸಣ್ಣದು. ಹಾಗಾಗಿ ಶುದ್ಧೀಕರಣಾಗಾರ ಹತ್ತಿರ ಬಂದ ಮಾತ್ರಕ್ಕೆ ದರ ಇಳಿಯುವುದಿಲ್ಲ. ಹಂಗಾಮಿಗೆ ಮುನ್ನ ಕಾರ್ಖಾನೆ, ಸಾಗಣೆದಾರರು ಮತ್ತು ಪಂಪ್ ಮಾಲೀಕರು ತಮ್ಮ ಅಗತ್ಯವನ್ನು ಡಿಪೋಕ್ಕೆ ತಿಳಿಸುವುದೇ ಸದ್ಯಕ್ಕೆ ಕೈಯಲ್ಲಿರುವ ಉಪಾಯ.